ಹೆಣದ ವ್ಯಾನಿನ ನೀರು

“ಗುರುಗಳೇ, ಸತ್ತವರು ನಮಗೆ ಏನಾದರೂ ಹೇಳುತ್ತಾರೆಯೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಜಲ್ಲಿ ಕ್ರಷರ್ ಇತ್ತು. ಅಲ್ಲಿ ಕಲ್ಲು ಪುಡಿಯಾಗುತ್ತಿತ್ತು, ಆಳುಗಳು ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಎಲ್ಲರೂ ದೂರದ ಊರಿನವರು. ಹೆಣವನ್ನು ಊರು ಮುಟ್ಟಿಸಲು ಯಜಮಾನ ಒಂದು ವ್ಯಾನ್ ಇಟ್ಟಿದ್ದ. ಬದುಕಿದ್ದಾಗ ಮೂಗಿಗೆ ಕಟ್ಟಿಕೊಳ್ಳಲು ಒಂದು ಗೇಣು ಬಟ್ಟೆ ಕೊಡದವನು ಸತ್ತ ಮೇಲೆ ಎಸಿ ಹಾಕಿಸಿದ್ದ. ಅದನ್ನು ಧರ್ಮ ಎಂದು ಕರೆಯುತ್ತಿದ್ದ.

ಹೆಣದ ಜೊತೆ ಹೋಗುವವರು ಚಪ್ಪಲಿ ಮೆಟ್ಟುವುದಿಲ್ಲ. ಒಂದು ದಿನ ಡ್ರೈವರನ ಪಕ್ಕ ಕುಳಿತಿದ್ದ ಹೆಂಗಸಿನ ಬರಿಗಾಲ ಮೇಲೆ ತಣ್ಣನೆಯ ನೀರು ಬಿತ್ತು. ಹೊರಗೆ ಸುಡುವ ಬಿಸಿಲು. ಅವಳು ಕಾಲು ಎಳೆದುಕೊಳ್ಳಲಿಲ್ಲ. ಹಿಂದೆ ಮಲಗಿರುವ ಗಂಡ ಅಳುತ್ತಿದ್ದಾನೆ ಎಂದಳು. ಮುಂದಿನ ಸಲ ಒಬ್ಬ ತಂದೆಯ ಕಾಲು ನೆನೆಯಿತು. ಅದರ ಮುಂದಿನ ಸಲ ಒಬ್ಬ ಅಕ್ಕನ ಕಾಲು. ಹೆಣ ಇಳಿಸಿ ಒಬ್ಬನೇ ಮರಳುವಾಗಲೂ ಪ್ರತಿ ತಿರುವಿನಲ್ಲಿ ಖಾಲಿ ಸೀಟಿನ ಮುಂದೆ ನೀರು ಚೆಲ್ಲುವ ಸದ್ದು ಡ್ರೈವರನಿಗೆ ಕೇಳಿಸುತ್ತಿತ್ತು. ಅವನು ಆ ಕಡೆ ನೋಡುತ್ತಿರಲಿಲ್ಲ.

ಇದು ತಿಳಿದು ಕ್ರಷರಿನ ಆಳುಗಳು ಅವನನ್ನು ಗೇಲಿ ಮಾಡತೊಡಗಿದರು. ನಮ್ಮನ್ನು ಕರೆದೊಯ್ಯುವಾಗ ಬಕೆಟ್ ಇಟ್ಟುಕೋ ಅಣ್ಣ, ನಾವು ಜಾಸ್ತಿ ಅಳುವವರು ಎಂದರು. ಅವರ ನಡುವೆ ಡ್ರೈವರನ ಸ್ವಂತ ತಮ್ಮನೂ ಇದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಆ ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ.

ಡ್ರೈವರ್ ವ್ಯಾನಿಗೆ ನಿಂಬೆಹಣ್ಣು ಕಟ್ಟಿದ, ಕುಂಬಳಕಾಯಿ ಒಡೆದ. ನೀರು ಬೀಳುತ್ತಲೇ ಇತ್ತು. ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದ.

ಮೆಕ್ಯಾನಿಕ್ ನಕ್ಕ. ಎಸಿ ಪೆಟ್ಟಿಗೆಯೊಳಗೆ ನೀರು ಕೂಡುವುದು ಸಹಜ, ಅದು ಸಣ್ಣ ಕೊಳವೆಯಿಂದ ರಸ್ತೆಗೆ ಇಳಿಯಬೇಕು, ಕೊಳವೆ ಕಟ್ಟಿಕೊಂಡರೆ ಒಳಗೇ ಸುರಿಯುತ್ತದೆ ಎಂದು ತಿಳಿಸಿದ. ವ್ಯಾನಿನ ಕೆಳಗೆ ಮಲಗಿ ಕೊಳವೆಗೆ ತಂತಿ ತೂರಿಸಿದ. ನೀರು ಭರ್ರನೆ ಇಳಿಯಿತು. ಅದರ ಹಿಂದೆಯೇ ಹೆಬ್ಬೆರಳಷ್ಟು ಬೂದು ಮುದ್ದೆಯೊಂದು ಅವನ ಅಂಗೈಗೆ ಬಿತ್ತು. ಅವನ ನಗು ನಿಂತಿತು.

“ಏನಪ್ಪಾ ಇದು?”

“ಕಲ್ಲಿನ ಪುಡಿ. ನಮ್ಮಲ್ಲಿ ಗಾಳಿಯೇ ಹೀಗೆ.”

“ಈ ಪೆಟ್ಟಿಗೆಗೆ ತೂತಾದರೂ ಇತ್ತು, ತಂತಿ ಹಾಕಿದೆ. ಅಲ್ಲಿ ಉಸಿರಾಡುವವರ ಎದೆಗೆ ಎಲ್ಲಿಂದ ಹಾಕೋದು?”

ಡ್ರೈವರ್ ಮುದ್ದೆಯನ್ನು ಕೈಗೆ ತೆಗೆದುಕೊಂಡ. ಆ ಮುದ್ದೆಯನ್ನು ಒಯ್ದು ಯಜಮಾನನ ಮೇಜಿನ ಮೇಲೆ ಇಡಬಹುದಿತ್ತು. ತಮ್ಮನಿಗೆ ತೋರಿಸಿ, ಬಾ ಹೋಗೋಣ ಎನ್ನಬಹುದಿತ್ತು. ಅವನು ಅದನ್ನು ಚರಂಡಿಗೆ ಎಸೆದು ಕೈ ತೊಳೆದ. ಅಳುವವರ ಕಾಟ ತಪ್ಪಿತು ಎಂದು ನಿಟ್ಟುಸಿರು ಬಿಟ್ಟ. ಯಜಮಾನನಿಗೂ ಸಂತೋಷವಾಯಿತು. ತಿಂಗಳಿಗೊಮ್ಮೆ ಕೊಳವೆ ಶುಚಿ ಮಾಡಿಸು ಎಂದು ಅಪ್ಪಣೆ ಮಾಡಿದ. ಡ್ರೈವರನ ತಮ್ಮ ಮರುದಿನವೂ ಕೆಲಸಕ್ಕೆ ಹೋದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ, ಆ ವ್ಯಾನಿನಲ್ಲಿ ಮತ್ತೆ ನೀರು ಬಿತ್ತೇ ಎಂದು ಕೇಳಿದ.

“ಬೀಳಲಿಲ್ಲ. ನೀನೂ ನೀರಿನ ಬಗ್ಗೆಯೇ ಕೇಳಿದೆ, ಆ ತಮ್ಮ ಬದುಕಿದನೇ ಎಂದು ಕೇಳಲಿಲ್ಲ.”