ಖಾಲಿ ಕುರ್ಚಿಯ ಚಿತ್ರ

ಧಾರವಾಡದಲ್ಲಿ ಹಂಪಣ್ಣ ಎಂಬ ಚಿತ್ರಕಲೆಯ ಗುರುಗಳಿದ್ದರು. ಅವರ ಶಾಲೆಯ ಗೋಡೆಯ ಮೇಲೆ ಯುರೋಪಿನಿಂದ ಬಂದ ಹಳೆಯ ತೈಲಚಿತ್ರವೊಂದಿತ್ತು. ಅದನ್ನು ಅರ್ಥಮಾಡಿಕೊಂಡು ಬಾ ಎಂದು ಅವರು ಶಿಷ್ಯೆ ನೀಲಾಂಬಿಕೆಗೆ ಹೇಳಿದ್ದರು.

ನೀಲಾಂಬಿಕೆ ದಪ್ಪ ದಪ್ಪ ಪುಸ್ತಕ ಓದಿದಳು. ಚಿತ್ರಕಾರನ ದೇಶ, ಕಾಲ, ಬಣ್ಣ ಹಚ್ಚುವ ರೀತಿ ಎಲ್ಲ ಬಾಯಿಪಾಠವಾಯಿತು. ಆದರೆ ಚಿತ್ರದ ಮುಂದೆ ನಿಂತರೆ ಮನಸ್ಸು ಮಿಸುಕಲೊಲ್ಲದು. ಕೊನೆಗೆ ಚೀಲ ಹೆಗಲಿಗೇರಿಸಿಕೊಂಡು ಗುರುಗಳ ಬಳಿ ಬಂದಳು.

"ಸರ, ನಾ ಊರಿಗೆ ಹೊಂಟೆ. ಆ ಮಂದಿ, ಆ ಮನಿ, ಆ ಊಟ ಯಾವುದೂ ನಮ್ಮದಲ್ಲ. ಇದ ತಿಳೀಲಿಲ್ಲಂದ್ರ ನಾ ಎಂಥಾ ಕಲಾವಿದೆ?"

"ಹೋಗುವಂತಿ. ಮೊದಲ ಏನು ಕಾಣ್ತೈತಿ ಹೇಳವಾ."

"ಒಬ್ಬ ಮುದುಕ ಊಟಕ್ಕ ಕುಂತಾನ. ದುಃಖದಾಗ ಅದಾನ."

"ದುಃಖ ಎಲ್ಲೈತಿ? ತೋರಿಸು."

ಅವಳು ಹತ್ತಿರ ಹೋದಳು. ಮುದುಕನ ಮುಖ ಕಾಣುತ್ತಿರಲಿಲ್ಲ, ತಲೆ ಬಾಗಿತ್ತು. ಕೈಯಲ್ಲಿ ಇನ್ನೂ ಮುರಿಯದ ರೊಟ್ಟಿ. ಎದುರಿನ ಕುರ್ಚಿ ಖಾಲಿ. ಆದರೆ ಅದರ ಮುಂದೆಯೂ ಒಂದು ಬಟ್ಟಲು, ಪಕ್ಕದಲ್ಲಿ ಒಪ್ಪವಾಗಿಟ್ಟ ಚಮಚ.

ನೀಲಾಂಬಿಕೆಗೆ ಥಟ್ಟನೆ ಊರ ಮನೆ ನೆನಪಾಯಿತು. ಅಜ್ಜಿ ತೀರಿಕೊಂಡ ಮೇಲೆ ಅವಳ ಅಜ್ಜ ಊಟಕ್ಕೆ ಕೂತಾಗಲೆಲ್ಲ "ಇನ್ನೊಂದು ತಾಟು ಇಡ್ರಿ" ಅನ್ನುತ್ತಿದ್ದ. ಅವ್ವ ಮಾತಾಡದೆ ಇಡುತ್ತಿದ್ದಳು. ಪುಟ್ಟ ನೀಲಾಂಬಿಕೆ ಕಿಸಕ್ಕನೆ ನಗುತ್ತಿದ್ದಳು. ಆ ತಾಟಿನ ಪಲ್ಯ ಆರಿದ ಮೇಲೆಯೇ ಅಜ್ಜ ತನ್ನ ರೊಟ್ಟಿ ಮುರಿಯುತ್ತಿದ್ದ. ಯಾಕೆಂದು ಅವಳಿಗೆ ಇವತ್ತು ತಿಳಿಯಿತು.

"ಸರ, ಇವ ನಮ್ಮಜ್ಜ!" ಅವಳ ಕಣ್ಣು ತುಂಬಿ ಬಂತು. "ಅಷ್ಟು ವರ್ಷದ ಹಿಂದ, ಸಮುದ್ರದ ಆಚೆ ಕುಂತು, ಆ ಪುಣ್ಯಾತ್ಮ ನಮ್ಮಜ್ಜನ್ನ ಹೆಂಗ ಕಂಡಾನ್ರಿ?"

ಹಂಪಣ್ಣನವರು ಚಿತ್ರದ ಖಾಲಿ ಕುರ್ಚಿಯತ್ತ ಬೆರಳು ತೋರಿಸಿದರು.

"ನಮ್ಮಪ್ಪ ದಿನಾ ತಡಾ ಮಾಡಿ ಬರ್ತಿದ್ದ. ನಮ್ಮವ್ವ ಉಣ್ಣದ ಕಾಯ್ಕೋತ ಕೂಡ್ತಿದ್ಲು. ಅದಕ್ಕ ನನಗ ಅದು ಇನ್ನೂ ಬರೋರ ಕುರ್ಚಿ ಅನಸ್ತಿತ್ತು. ಹೋದೋರ ಕುರ್ಚಿನೂ ಇರಬಹುದಂತ ನೀ ಇವತ್ತು ತೋರಿಸಿದಿ."

"ಹಂಗಾದ್ರ ಯಾವುದು ಖರೆ, ಸರ?"

"ಕುರ್ಚಿ ಖಾಲಿ ಐತಿ, ಬಟ್ಟಲ ಐತಿ. ಅದು ಖರೆ. ಅಲ್ಲಿ ಯಾರನ್ನ ಕೂಡಿಸೂದು ಅನ್ನೋದನ್ನ ಚಿತ್ರ ಬರೆದವ ನಮಗ ಬಿಟ್ಟಾನ."

ನೀಲಾಂಬಿಕೆ ಹೆಗಲ ಚೀಲ ಕೆಳಗಿಟ್ಟಳು. ಗುರು, ಶಿಷ್ಯೆ ಇಬ್ಬರೂ ಚಿತ್ರದ ಮುಂದೆ ಬೆರಗಿನಿಂದ ನಿಂತೇ ಇದ್ದರು.

ನೀತಿ: ಚಿತ್ರ ಯಾವ ದೇಶದ್ದಾದರೂ ಅದನ್ನು ಕಣ್ಣಿಟ್ಟು ನೋಡಬೇಕು, ನಾವು ಬಾಳಿದ ಬದುಕನ್ನು ಜೊತೆಗಿಟ್ಟುಕೊಂಡು ನೋಡಬೇಕು. ಪುಸ್ತಕದ ಓದು ಚಿತ್ರದ ತನಕ ಕರೆದೊಯ್ಯುತ್ತದೆ. ಅದರೊಳಗೆ ನಮ್ಮವರನ್ನು ಕಾಣಿಸುವುದು ನಮ್ಮದೇ ಅನುಭವ.