ಬೈಗುಳದ ಬಾಗಿಲು

ಹೊಳೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಗೆ ಹೋದವರಿಗೆ ಮೊದಲು ಸಿಗುತ್ತಿದ್ದದ್ದು ತೀರ್ಥವಲ್ಲ, ಬೈಗುಳ.

"ಈಗ ಬಂದ್ಯಾ? ಎಲ್ಲಿ ಹೋಗಿದ್ದಿ ಇಷ್ಟೊತ್ತು? ಅನ್ನ ಆರಾಕತ್ತೈತಿ!"

ಹೊಸಬರು ಬೆಚ್ಚಿಬೀಳುತ್ತಿದ್ದರು. ಹಿಂದೆ ಬೇರೆ ಯಾರಾದರೂ ಬಂದಿದ್ದಾರೋ ಎಂದು ತಿರುಗಿ ನೋಡುತ್ತಿದ್ದರು. ಯಾರೂ ಇರುತ್ತಿರಲಿಲ್ಲ.

ಆಶ್ರಮ ಕಟ್ಟಿದವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಅವಳ ಮತ ಸಣ್ಣದು, ಯಾವ ಶಾಸ್ತ್ರದಲ್ಲೂ ಇಲ್ಲದ್ದು.

ಮನುಷ್ಯರೆಲ್ಲ ಒಂದೇ ಮನೆಯವರು. ಯಾವುದೋ ಕಾಲದಲ್ಲಿ ಒಂದೇ ಸಾಲಿನಲ್ಲಿ ಉಣ್ಣಲು ಕೂತಿದ್ದರು. ನಡುವೆ ಜಗಳವಾಯಿತು, ಎದ್ದು ಹೋದರು. ಹೋದ ಹೋದಲ್ಲಿ ಊರು ಕಟ್ಟಿದರು, ಕೇರಿ ಕಟ್ಟಿದರು, ಜಾತಿ ಕಟ್ಟಿದರು. ಊಟ ಅರ್ಧಕ್ಕೇ ನಿಂತಿದೆ ಎಂಬುದನ್ನು ಮಾತ್ರ ಮರೆತರು. ಹಾಗಾಗಿ ಬಾಗಿಲಿಗೆ ಬಂದವನು ಅತಿಥಿಯಲ್ಲ, ತಡವಾಗಿ ಮನೆಗೆ ಬಂದವನು. ತಡವಾಗಿ ಬಂದವನಿಗೆ ಮನೆಯವರು ಆರತಿ ಎತ್ತುತ್ತಾರೆಯೇ? ಬೈಯುತ್ತಾರೆ.

ಸುತ್ತಲಿನ ಊರವರು ಅದನ್ನು 'ಬೈಯೋ ಮಠ' ಎಂದು ಕರೆದು ನಗುತ್ತಿದ್ದರು. ನಗುತ್ತಲೇ ಬಂದು, ಬೈಸಿಕೊಂಡು, ಹೊಟ್ಟೆ ತುಂಬ ಉಂಡು ಹೋಗುತ್ತಿದ್ದರು.

ಬೈಸಿಕೊಂಡವರಲ್ಲಿ ಬಹಳ ಜನ ಒಂದು ವಿಚಿತ್ರ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾಗಿ ನಿಂತು, ತಲೆ ಕೆರೆದುಕೊಂಡು, "ಬಸ್ಸು ತಪ್ಪಿತವ್ವಾ" ಎನ್ನುತ್ತಿದ್ದರು. ಅಥವಾ, "ದಾರ್‍ಯಾಗ ಚಪ್ಪಲಿ ಹರೀತು."

ಆಗ ದೊಡ್ಡವ್ವನ ಮುಖ ಅರಳುತ್ತಿತ್ತು. "ನೆವ ಹೇಳಿದ. ಇನ್ನ ಮನಿಗೆ ಬಂದಂಗ. ಎಲಿ ಹಾಕ್ರಿ," ಎನ್ನುತ್ತಿದ್ದಳು. ಅವರ ಪಂಥದಲ್ಲಿ ದೀಕ್ಷೆ ಅಂದರೆ ಅಷ್ಟೇ. ದೊಡ್ಡವ್ವ ಬೈಯಬೇಕು, ಬಂದವನು ನೆವ ಹೇಳಬೇಕು.

ಆ ಬೈಗುಳ ಸಿಗದವನು ಇಡೀ ಆಶ್ರಮದಲ್ಲಿ ಒಬ್ಬನೇ. ಅವನ ಹೆಸರು ಸದ್ಯೋಜಾತ.

ಅವನು ಬಂದು ವರ್ಷವಾಗಿತ್ತು. ಬಂದ ದಿನ ದೊಡ್ಡವ್ವ ಎದ್ದು ನಿಂತು, "ಬರ್ರಿ, ಕೂಡ್ರಿ," ಎಂದಿದ್ದಳು. ಚಾಪೆ ಹಾಸಿದ್ದಳು. ಹಿತ್ತಾಳೆ ಲೋಟದಲ್ಲಿ ನೀರು, ಜೊತೆಗೆ ಬೆಲ್ಲ ಕೊಟ್ಟಿದ್ದಳು. ಅವತ್ತಿನಿಂದ ಹಾಗೆಯೇ. ಉಳಿದವರಿಗೆ, "ಏ, ಸೌದಿ ಒಡಿಯೋ ಮೈಗಳ್ಳ!" ಅವನಿಗೆ, "ಸೌದಿ ಒಡಿತೀರೇನ್ರಿ?"

ಸದ್ಯೋಜಾತ ಕಸ ಗುಡಿಸಿದ, ಪಾತ್ರೆ ತಿಕ್ಕಿದ, ಹೊಳೆಯಿಂದ ನೀರು ಹೊತ್ತ. ಬೆಲ್ಲದ ಮರ್ಯಾದೆ ಮಾತ್ರ ತಪ್ಪಲಿಲ್ಲ. ಆ ಮರ್ಯಾದೆ ಅವನನ್ನು ಒಳಗೊಳಗೇ ಸುಡುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ. ದೊಡ್ಡವ್ವ ಅವರೆಕಾಯಿ ಸುಲಿಯುತ್ತಿದ್ದಳು, ಅವನು ಅಂಗಳ ಗುಡಿಸುತ್ತಿದ್ದ.

"ಅವ್ವಾರ, ನಂಗ್ಯಾವಾಗ ಬೈತೀರಿ?"

"ಬಂದ ದಿನ ನೀವು ಏನ್ ಹೇಳಿದ್ರಿ, ನೆನಪೈತೇನ್ರಿ?"

ನೆನಪಿತ್ತು. ಬಾಗಿಲಲ್ಲಿ ನಿಂತು ಎದೆಯುಬ್ಬಿಸಿ ಹೇಳಿದ್ದ: "ನನಗ ಯಾರೂ ಇಲ್ಲ. ಎಲ್ಲಾ ಬಿಟ್ಟು ಬಂದೇನಿ." ಹಾಗೆ ಹೇಳಿದರೆ ಆಶ್ರಮದವರು ಮೆಚ್ಚುತ್ತಾರೆ ಎಂದುಕೊಂಡಿದ್ದ.

"ಅದು ವೈರಾಗ್ಯ ಅಲ್ಲೇನ್ರಿ ಅವ್ವಾರ?"

ದೊಡ್ಡವ್ವ ಅವರೆಕಾಯಿ ಪಕ್ಕಕ್ಕಿಟ್ಟಳು. ಅವನ ಕೈಯಿಂದ ಪೊರಕೆ ಕಿತ್ತುಕೊಂಡಳು. "ನಾಳಿಂದ ಬಾಗಲದಾಗ ನೀವು ಕೂಡ್ರಿ. ಬಂದವರನ್ನ ಬೈರಿ."

ಸದ್ಯೋಜಾತನಿಗೆ ಸ್ವರ್ಗ ಮೂರೇ ಗೇಣು. ಬೈಯುವುದನ್ನು ಕಲಿತರೆ ಬೈಸಿಕೊಳ್ಳುವ ಯೋಗ ತಾನಾಗಿಯೇ ಬರುತ್ತದೆ ಎಂದುಕೊಂಡ.

ಮರುದಿನ ಮೊದಲು ಬಂದವನು ಒಬ್ಬ ಬಳೆಗಾರ. ಸದ್ಯೋಜಾತ ಗಂಟಲು ಸರಿಪಡಿಸಿಕೊಂಡ.

"ತಾವು ಇಷ್ಟು ತಡವಾಗಿ ಆಗಮಿಸಲು ಕಾರಣವೇನು?"

ಬಳೆಗಾರ ಇದ್ಯಾವುದೋ ಸರ್ಕಾರಿ ತನಿಖೆಯೇ ಇರಬೇಕೆಂದು ಬಳೆಯ ಮಲಾರ ಎತ್ತಿಕೊಂಡು ಓಟ ಕಿತ್ತ.

ಒಳಗಿದ್ದವರು ಬಿದ್ದು ಬಿದ್ದು ನಕ್ಕರು. ದೊಡ್ಡವ್ವ ಕಣ್ಣೊರೆಸಿಕೊಂಡು, "ಛಲೋ ಬೈದ್ರಿ. ಉಪ್ಪೊಂದು ಕಡಿಮಿ," ಎಂದಳು.

ಸದ್ಯೋಜಾತ ಛಲ ಬಿಡಲಿಲ್ಲ. ಹೊಳೆಗೆ ಹೋಗಿ ಎಮ್ಮೆಗಳ ಮುಂದೆ ಅಭ್ಯಾಸ ಮಾಡಿದ. "ಎಲ್ಲಿ ಹೋಗಿದ್ದಿ ಇಷ್ಟೊತ್ತು?" ಎಂದು ಕೂಗಿದ. ಎಮ್ಮೆಗಳು ಕಿವಿ ಅಲ್ಲಾಡಿಸಿ ನೀರಿಗಿಳಿದವು. ಬಾಗಿಲಿಗೆ ಬಂದವರೂ ಹೆಚ್ಚುಕಡಿಮೆ ಹಾಗೆಯೇ ಮಾಡಿದರು. ಒಬ್ಬರೂ ಅವನಿಗೆ ನೆವ ಹೇಳಲಿಲ್ಲ.

"ಅವ್ವಾರ, ಮಾತು ಅವೇ, ದನಿನೂ ಜೋರೈತಿ. ಕಡಿಮಿ ಆಗಿದ್ದು ಏನ್ರಿ?"

"ನೀವು ಬೈಯೋ ಮನುಷ್ಯಾ ಬರಲಿಲ್ಲ ಅಂತ ನಿಮಗ ಯಾವಾಗರ ಊಟ ಸೇರದಂಗ ಆಗಿತ್ತೇನ್ರಿ?"

ಸದ್ಯೋಜಾತನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. ಬಳೆಗಾರನಿಗಾಗಿ ಯಾರು ಊಟ ಬಿಡುತ್ತಾರೆ?

ಹೀಗಿರುವಾಗ ಒಂದು ಮಧ್ಯಾಹ್ನ, ಒಳಗೆ ಎಲೆ ಹಾಕುವ ಹೊತ್ತಿಗೆ, ಒಬ್ಬರು ಬಿಸಿಲಲ್ಲಿ ನಡೆದು ಬಂದರು. ಹಣೆ ತುಂಬ ವಿಭೂತಿ, ಹೆಗಲಿಗೆ ಚೀಲ. ಅವರು ಹತ್ತಿರ ಬರುವ ಮೊದಲೇ ಸದ್ಯೋಜಾತನಿಗೆ ನಡಿಗೆಯ ಗುರುತು ಹತ್ತಿತು.

ಅವನ ಅಣ್ಣ ಪಂಚಾಕ್ಷರಯ್ಯ.

ತಂದೆ ಹೋದ ಮೇಲೆ ಅವನನ್ನು ಎತ್ತಿ ಆಡಿಸಿದವನು ಆ ಅಣ್ಣ. ಊರ ಗುಡಿಯ ಪೂಜೆ ಮಾಡುವವನು. ಸದ್ಯೋಜಾತ ಕೆಳಗಿನ ಕೇರಿಯ ಗೆಳೆಯನ ಮನೆಯಲ್ಲಿ ಉಂಡು ಬಂದ ದಿನ, "ಹೊಳಿಯಾಗ ಮುಳುಗಿ ಬಾ, ಇಲ್ಲಾ ಈ ಹೊಸ್ತಿಲಾ ದಾಟಬ್ಯಾಡ," ಎಂದವನೂ ಅವನೇ. ಸದ್ಯೋಜಾತ ಹೊಳೆಗೆ ಹೋದ. ಮುಳುಗಲಿಲ್ಲ. ದಂಡೆಗುಂಟ ನಡೆಯುತ್ತ ಇಲ್ಲಿಗೆ ಬಂದ.

ಈಗ ಆ ಅಣ್ಣ ಬಾಗಿಲಿಗೇ ಬಂದಿದ್ದ. ಎಮ್ಮೆಗಳಿಗೆ ಹೇಳಿದ ಮಾತು ಒಂದೂ ನಾಲಿಗೆಗೆ ಬರಲಿಲ್ಲ. ಸದ್ಯೋಜಾತ ಎದ್ದು ನಿಂತು ಕೈ ಮುಗಿದ.

"ಬರ್ರಿ, ಕೂಡ್ರಿ."

ಒಳಗೆ ಹೋಗಿ ಚಾಪೆ ತಂದು ಹಾಸಿದ. ಹಿತ್ತಾಳೆ ಲೋಟದಲ್ಲಿ ನೀರು ತಂದ, ಬೆಲ್ಲ ತಂದ.

ಪಂಚಾಕ್ಷರಯ್ಯ ಚಾಪೆ ನೋಡಿದ, ಬೆಲ್ಲ ನೋಡಿದ, ತಮ್ಮನ ಮುಖ ನೋಡಿದ.

"ನನಗ 'ಬರ್ರಿ' ಅಂತೀಯಾ?"

ಸದ್ಯೋಜಾತ ನೆಲ ನೋಡಿದ. "ಬಿಸಲಾಗ ಬಂದೀರಿ. ನೀರು ಕುಡೀರಿ."

ಅಣ್ಣ ಕುಡಿಯಲಿಲ್ಲ. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಚಾಪೆಯ ಮೇಲಿಟ್ಟ. "ನಿಮ್ಮ ಅತ್ತಿಗಿ ಶೇಂಗಾ ಹೋಳಿಗಿ ಮಾಡಿ ಕೊಟ್ಟಾಳ. ಆರಾಮ ಇರಪಾ," ಎಂದು ಬಂದ ದಾರಿಯಲ್ಲೇ ತಿರುಗಿದ.

ಒಳಗೆ ದೊಡ್ಡವ್ವ ಅನ್ನದ ಪಾತ್ರೆಯ ಪಕ್ಕದಲ್ಲಿ ಕೂತು ಎಲ್ಲ ನೋಡುತ್ತಿದ್ದಳು. ಅನ್ನ ಆರುತ್ತಿತ್ತು. ಯಾರಿಗೂ ಬಡಿಸಲಿಲ್ಲ, ಯಾರೂ ಬಡಿಸು ಎನ್ನಲಿಲ್ಲ.

ಸದ್ಯೋಜಾತ ಅಣ್ಣನ ಬೆನ್ನು ನೋಡುತ್ತ ನಿಂತ. ಆ ಬೆನ್ನಿನ ಮೇಲೆ ಕೂತು ಅವನು ಈ ಹೊಳೆ ದಾಟಿದ್ದ, ಶಾಲೆಗೆ ಹೋಗಿದ್ದ. ಆಗ ಅಷ್ಟು ಅಗಲವಿದ್ದದ್ದು ಈಗ ಬಾಗಿತ್ತು. ಹೋದ ಹಬ್ಬದ ದಿನ ತಾನು ಇದೇ ಬಾಗಿಲ ಕಡೆ ನೋಡುತ್ತ ಕೂತು, ತುತ್ತು ಗಂಟಲಲ್ಲಿ ಇಳಿಯದೆ, ಎಲೆ ಮಡಚಿ ಎದ್ದಿದ್ದು ನೆನಪಾಯಿತು. ಹೊಟ್ಟೆ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿದ್ದ. ತನಗೂ ಹಾಗೆಯೇ ಹೇಳಿಕೊಂಡಿದ್ದ.

ಹೊಟ್ಟೆ ಸರಿಯೇ ಇತ್ತು. ಅಣ್ಣ ಬಂದಿರಲಿಲ್ಲ, ಅಷ್ಟೇ.

"ಏ ಅಣ್ಣಾ!"

ಆ ಕೂಗಿಗೆ ಹೊಳೆಯ ಎಮ್ಮೆಗಳೂ ತಲೆಯೆತ್ತಿದವು.

"ಒಂದು ವರ್ಷ! ಈಗ ನೆನಪಾತೇನು ನಿನಗ? ಬಾಗಲಾ ನೋಡಿ ನೋಡಿ ನನ್ನ ಕಣ್ಣು ಬಿದ್ದು ಹೋದ್ವು! ಸತ್ತಾನೋ ಇದ್ದಾನೋ ಅಂತ ಒಂದರ ಮಾತು ಕೇಳಿದ್ಯಾ? ಈಗ ಹೋಳಿಗಿ ಇಟ್ಟು ಹೊಂಟ್ಯಾ? ಯಾರು ಬಿಡ್ತಾರ ನಿನ್ನ? ತಿರುಗು ಈ ಕಡೆ!"

ಬೈಯುತ್ತ ಬೈಯುತ್ತ ಅವನ ಕಣ್ಣಲ್ಲಿ ನೀರು ಸುರಿಯಿತು. ಮೂಗು ಒರೆಸಿಕೊಳ್ಳುವ ಪರಿವೆಯೂ ಇರಲಿಲ್ಲ.

ಪಂಚಾಕ್ಷರಯ್ಯ ತಿರುಗಿದ. ಊರೆಲ್ಲ ಅಡ್ಡಬೀಳುವ ಮನುಷ್ಯ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ಕಿವಿ ಕೆರೆದುಕೊಂಡ.

"ಬಸ್ಸು..." ಎಂದ.

"ವರ್ಷಾ ಪೂರ್ತಿ ಬಸ್ಸು ತಪ್ಪತೈತೇನು?"

"ಬಸ್ಸಲ್ಲೋ ತಮ್ಮಾ." ದನಿ ಇಳಿಯಿತು. "ಊರ ಅಗಸಿ ಬಾಗಲಾ ಮಟಾ ಎಷ್ಟೋ ಸಲ ಬಂದೆ. ನಾಚಿಕಿ ಆಗಿ ತಿರುಗಿ ಹೋದೆ."

ಒಳಗಿದ್ದವರು ಒಂದೇ ದನಿಯಲ್ಲಿ, "ನೆವ ಹೇಳಿದ! ನೆವ ಹೇಳಿದ!" ಎಂದು ಕೂಗಿ, ಲೋಟ ತಟ್ಟೆ ಬಡಿದು ಗದ್ದಲ ಎಬ್ಬಿಸಿದರು. ಪಂಚಾಕ್ಷರಯ್ಯನಿಗೆ ಏನೂ ತಿಳಿಯಲಿಲ್ಲ. ಸದ್ಯೋಜಾತ ಓಡಿ ಹೋಗಿ ಅವನ ಕೈ ಹಿಡಿದ. ಅಳುತ್ತಿದ್ದವನು ನಗತೊಡಗಿದ್ದ.

ಅಣ್ಣ ಒಳಗಿನ ಸಾಲು ನೋಡಿದ. ಅಲ್ಲಿ ಕೂತವರು ಯಾವ ಯಾವ ಕೇರಿಯವರೋ. ಸ್ವಲ್ಪ ತಡೆದ. ಆಮೇಲೆ ಚಾಪೆಯ ಮೇಲಿದ್ದ ಗಂಟು ತಾನೇ ಎತ್ತಿಕೊಂಡ. "ಹೋಳಿಗಿ ಎಲ್ಲಾರಿಗೂ ಸಾಲ್ತಾವೋ ಇಲ್ಲೋ," ಎಂದು ಗೊಣಗುತ್ತ ಚಪ್ಪಲಿ ಬಿಟ್ಟ.

ಆಗ ದೊಡ್ಡವ್ವ ಮೊಣಕಾಲು ಹಿಡಿದು ಮೇಲೆದ್ದಳು. ಸೌಟು ಕೈಯಲ್ಲೇ ಇತ್ತು. ಬಾಗಿಲಿಗೆ ಬಂದು, ಪಂಚಾಕ್ಷರಯ್ಯನನ್ನು ದಾಟಿ, ಸದ್ಯೋಜಾತನ ಎದುರು ನಿಂತಳು. ಹಾಸಿದ್ದ ಚಾಪೆಯನ್ನು ಕಾಲಿಂದ ಸರಿಸಿದಳು.



ದೊಡ್ಡವ್ವ ಸೌಟಿನಿಂದ ಅವನ ಭುಜಕ್ಕೆ ಒಂದು ಬಿಟ್ಟಳು.

"ಎಲ್ಲಿ ಹಾಳಾಗಿ ಹೋಗಿದ್ಯೋ ಇಷ್ಟ್ ದಿನ? ನಿನ್ನ ಅನ್ನ ಆರಾಕತ್ತೈತಿ!"