ಏರಿಯ ಹತ್ತು ಗಾಡಿ ಮಣ್ಣು

ಹೊಸ ಮನೆ ಗೋಡೆಗೆ ಲಿಂಗೇಗೌಡರಿಗೆ ಒಳ್ಳೆ ಜಿಗಟು ಮಣ್ಣು ಬೇಕಿತ್ತು. ಅದಿದ್ದದ್ದು ಊರ ಕೆರೆಯ ಏರಿಯಲ್ಲಿ. ಏರಿ ಮೇಲೇ ನಿಂತು, ಕೆರೆ ಕಾಯುವ ನೀರುಗಂಟಿ ಮುನಿಶಾಮಿಗೆ ಗದರಿದರು: “ನಾಳೆ ಹತ್ತು ಗಾಡಿ ಬರ್ತವೆ. ಏರಿ ಮಣ್ಣು ಅಗೆದು ತುಂಬಿಸು. ಎದುರು ಮಾತು ಬೇಡ!”

“ಆಗಲಿ ಗೌಡ್ರೇ. ಎಲ್ಲಿ ಅಗೀಲಿ, ತೋರಿಸಿ. ಕೆರೆ ತುಂಬಿದಾಗ ಅಗೆದ ಕಡೆಯೇ ಒಡೀತದೆ, ಅಷ್ಟೇ.”

ಗೌಡರು ನೀರು ಬಿಡುವ ತೂಬಿನ ಪಕ್ಕ ತೋರಿಸಿದರು.

“ಕೆಳಗೆ ನಿಮ್ಮ ಕಬ್ಬು.”

ಸ್ವಲ್ಪ ಆಚೆ ತೋರಿಸಿದರು.

“ಅಲ್ಲಿ ನಿಮ್ಮ ತೆಂಗಿನ ಸಸಿ.”

ಏರಿಯ ತುದಿ ತೋರಿಸಿದರು.

“ಅದರ ಕೆಳಗೇ ಅಲ್ವಾ ಹೊಸ ಮನೆ ಪಾಯ?”

ಗೌಡರಿಗೆ ರೇಗಿತು. “ಬೇರೆಯವರ ಜಮೀನೇ ಇಲ್ವೇನಯ್ಯಾ ಇಲ್ಲಿ?”

“ಇತ್ತು ಗೌಡ್ರೇ. ನೀರು ಚೆನ್ನಾಗಿ ಬರ್ತದೆ ಅಂತ ಎಲ್ಲಾ ನೀವೇ ಕೊಂಡ್ಕೊಂಡ್ರಲ್ಲ!”

ಗೌಡರ ಮೀಸೆ ಅದುರಿತು. ಆಮೇಲೆ ನಗು ತಡೆಯಲಾಗಲಿಲ್ಲ.

ಮರುದಿನ ಹತ್ತು ಗಾಡಿ ಏರಿಗೆ ಬಂದದ್ದು ನಿಜ. ಆದರೆ ಏರಿ ಗಟ್ಟಿ ಮಾಡಲು, ಬರುವಾಗಲೇ ಮಣ್ಣು ತುಂಬಿಕೊಂಡು ಬಂದವು.